ಎರಡು ಸಲ ತಟ್ಟಬೇಕು

ಒಂಬತ್ತನೆಯ ಚೀಟಿ ಬಿಡಿಸುತ್ತಿದ್ದ ಹಾಗೆಯೇ ಅದು ಕಾಳಿನ ಗೋದಾಮಿನ ಹೆರಾಲ್ಡನದು ಎಂದು ಆರ್ಡಿಸ್ ಟಾಲೆಫ್ಸನ್‌ಗೆ ತಿಳಿದುಹೋಯಿತು. ಚೀಟಿಯಲ್ಲಿ ಯಾರೂ ಹೆಸರು ಬರೆಯಬಾರದು ಎಂಬುದು ಈ ಸಭೆಯ ನಿಯಮ. ಬರೆಯದಿದ್ದರೇನು, ಮೂವತ್ತೆಂಟು ವರ್ಷ ಮೂರನೆಯ ತರಗತಿಯ ಮಕ್ಕಳಿಗೆ ಅಕ್ಷರ ಕೂಡಿಸಿ ಬರೆಯುವುದನ್ನು ತಿದ್ದಿಸಿದವಳಿಗೆ ಊರಿನ ಒಬ್ಬೊಬ್ಬರ ಕೈಬರಹವೂ ಅವರವರ ಮುಖದಷ್ಟೇ ಪರಿಚಯ. ಹೆರಾಲ್ಡನಿಗೆ ಈಗ ಅರವತ್ತು. ಇವತ್ತಿಗೂ ಅವನ ಸಾಲುಗಳು ಗೆರೆ ಬಿಟ್ಟು ಮೇಲಕ್ಕೆ ಹತ್ತುತ್ತವೆ. ಆಕೆ ಕನ್ನಡಕ ಸರಿಮಾಡಿಕೊಂಡು, ಯಾರು ಬರೆದದ್ದೆಂದು ತನಗೆ ಗೊತ್ತೇ ಇಲ್ಲವೆಂಬ ಮುಖ ಮಾಡಿ ಮೈಕಿನಲ್ಲಿ ಓದಿದಳು.

ಗಾಳಿಯಂತ್ರದ ಕಂಪನಿಗಳಿಗೆ ಕೊಡುವ ತೆರಿಗೆ ರಿಯಾಯಿತಿ ನಿಲ್ಲಿಸಬೇಕೆಂದು ಶಾಸಕರು ಹೇಳುತ್ತಾರೆ, ಸಂತೋಷ. ಆದರೆ ಶಾಸಕರ ಅಣ್ಣನವರು ಡೇರಿಯ ಸಗಣಿಯಿಂದ ಗ್ಯಾಸ್ ತೆಗೆಯುತ್ತಾರಲ್ಲ, ಅದಕ್ಕೆ ಸರ್ಕಾರ ಕೊಡುವ ಸಬ್ಸಿಡಿಯ ಬಗ್ಗೆ ಅವರ ಅಭಿಪ್ರಾಯವೇನು? ಇದು ಹೆರಾಲ್ಡನ ಪ್ರಶ್ನೆ.

ಸಭೆ ಗೊಳ್ಳೆಂದಿತು. ಅಗ್ನಿಶಾಮಕ ಠಾಣೆಯ ಎರಡೂ ಬಂಡಿಗಳನ್ನು ಹಿಮದಲ್ಲಿ ಹೊರಗೆ ನಿಲ್ಲಿಸಿ, ಒಳಗೆ ನೂರಿಪ್ಪತ್ತು ಮಡಿಸುವ ಕುರ್ಚಿಗಳನ್ನು ಹಾಕಿದ್ದರು. ವಿಧಾನಸಭೆ ನಡೆಯುವ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ಶನಿವಾರ ಬೆಳಿಗ್ಗೆ ಶಾಸಕರು ಊರಿಗೆ ಬಂದು, ಜನರ ಎದುರು ಕೂತು, ಚೀಟಿಯಲ್ಲಿ ಬಂದ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕು. ಚೀಟಿಯ ಡಬ್ಬ ವಾರವೆಲ್ಲ ದಿನಸಿ ಅಂಗಡಿಯ ಗಲ್ಲಾದ ಪಕ್ಕ ಇರುತ್ತದೆ. ಚರ್ಚಿನ ಹೆಂಗಸರು ಇಲ್ಲಿನ ಹಳೆಯ ವಾಡಿಕೆಯಂತೆ ಮೊಟ್ಟೆ ಒಡೆದು ಹಾಕಿ ಕುದಿಸಿದ ಕಾಫಿ ತರುತ್ತಾರೆ. ಚೀಟಿ ಓದುವ ಕೆಲಸ ನಿವೃತ್ತಿಯಾದಾಗಿನಿಂದ ಆರ್ಡಿಸ್‌ಳದೇ. ಆಕೆ ಯಾವ ಚೀಟಿಯನ್ನೂ ಬಚ್ಚಿಡುವುದಿಲ್ಲ, ಯಾವುದರ ಮಾತನ್ನೂ ಮೆದು ಮಾಡುವುದಿಲ್ಲ ಎಂದು ಎರಡೂ ಪಕ್ಷದವರು ಒಪ್ಪುತ್ತಿದ್ದರು. ಈ ಊರಿನಲ್ಲಿ ಅವರು ಒಪ್ಪುತ್ತಿದ್ದ ವಿಷಯ ಅದೊಂದೇ ಇದ್ದೀತು.

ಶಾಸಕ ವರ್ಲಿನ್ ಹಾಫ್‌ಸ್ಟೀನ್ ತಾನೂ ನಕ್ಕ. ನಗಬೇಕಾದಾಗ ನಗುವುದರಲ್ಲಿ ಅವನದು ಎತ್ತಿದ ಕೈ.

"ನೋಡಿ, ಗಾಳಿ ಯಾರ ಮಾತೂ ಕೇಳಲ್ಲ. ಬೇಕು ಅಂದಾಗ ಬೀಸಲ್ಲ, ಬೇಡ ಅಂದಾಗ ನಿಲ್ಲಲ್ಲ. ಹಸು ಹಂಗಲ್ಲ. ದಿನಾ ಸಗಣಿ ಹಾಕುತ್ತೆ, ಭಾನುವಾರಾನೂ ರಜೆ ಕೇಳಲ್ಲ. ಅಂಥವರಿಗೆ ಒಂದಿಷ್ಟು ಕೊಟ್ಟರೆ ತಪ್ಪೇನಿದೆ ಹೇಳಿ."

ಮತ್ತೆ ನಗು. ಮೂರನೆಯ ಸಾಲಿನಲ್ಲಿ ಕೂತಿದ್ದ ಅವನ ಅಣ್ಣ ಡ್ವೇನ್ ಮಾತ್ರ ನಗಲಿಲ್ಲ. ಅದೇ ವಾರದ ಬುಧವಾರ ವಲಸೆ ಅಧಿಕಾರಿಗಳು ಬಂದು, ಹೊರದೇಶದಿಂದ ಕಾಗದಪತ್ರವಿಲ್ಲದೆ ಬಂದು ಅವನ ಡೇರಿಯಲ್ಲಿ ಹಾಲು ಕರೆಯುತ್ತಿದ್ದ ಆರು ಜನರನ್ನು ಅವರವರ ಮನೆಗಳಿಂದ ಎತ್ತಿಕೊಂಡು ಹೋಗಿದ್ದರು. ಅವತ್ತಿನಿಂದ ಸಾವಿರದಿನ್ನೂರು ಹಸುಗಳನ್ನು ಅವನು, ಅವನ ಹೆಂಡತಿ, ಎಲ್ಲಿಂದಲೋ ಕಾಡಿಬೇಡಿ ಕರೆತಂದ ಇಬ್ಬರು ಸೇರಿ ಕರೆಯುತ್ತಿದ್ದರು. ಅವನ ಬೆರಳ ಗೆಣ್ಣುಗಳೆಲ್ಲ ಬಿರಿದಿದ್ದವು. ಎರಡು ಚುನಾವಣೆಯಲ್ಲೂ ತಮ್ಮನ ಹೆಸರಿನ ಫಲಕವನ್ನು ಅವನು ತನ್ನ ಹೊಲದ ಬೇಲಿಗೆ ತಾನೇ ಕಟ್ಟಿದ್ದ. ಅದನ್ನು ಈಗ ಯಾರೂ ನೆನಪಿಸುವ ಅಗತ್ಯವಿರಲಿಲ್ಲ.

ಹತ್ತನೆಯ ಚೀಟಿ ಮನೆಗಂದಾಯದ್ದು. ವರ್ಲಿನ್ ಇದಕ್ಕೆ ಕಾದೇ ಇದ್ದ. ಜೀವನವೆಲ್ಲ ದುಡಿದು ಕಟ್ಟಿದ ಮನೆಗೆ ಮುದುಕರು ಪ್ರತಿವರ್ಷ ಸರ್ಕಾರಕ್ಕೆ ಬಾಡಿಗೆ ಕೊಟ್ಟ ಹಾಗೆ ಯಾಕೆ ಕೊಡಬೇಕು ಎಂದು ಕೇಳಿದ. ಸರ್ಕಾರ ಮೊದಲು ತನ್ನ ಹೊಟ್ಟೆ ಕಟ್ಟುವುದನ್ನು ಕಲಿಯಲಿ ಎಂದ. ಆರ್ಡಿಸ್ ತಲೆಯಾಡಿಸಿದಳು. ಗಂಡ ಸತ್ತ ಮೇಲೆ ಆ ಕಂದಾಯದ ಕಾಗದ ಬಂದಾಗಲೆಲ್ಲ ಆಕೆಗೂ ಹೊಟ್ಟೆ ಉರಿಯುತ್ತಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಸಂಜೆಯಾದರೆ ಕಣ್ಣು ಕುಕ್ಕುವ ಗಾಳಿಯಂತ್ರದ ಕೆಂಪು ದೀಪಗಳನ್ನು ಕಂಡರೂ ಅಷ್ಟೇ. ಆಕೆ ವರ್ಲಿನ್‌ಗೆ ವೋಟು ಹಾಕಿದ್ದು ಅವನು ತನ್ನ ಶಿಷ್ಯ ಎಂಬ ಮುಲಾಜಿಗಲ್ಲ. ಅವನು ಆಡುತ್ತಿದ್ದ ಮಾತು ಆಕೆಗೆ ತನ್ನದೇ ಮಾತಿನಂತೆ ಕೇಳುತ್ತಿತ್ತು.

ಹನ್ನೊಂದನೆಯ ಚೀಟಿ ಬಿಡಿಸಿದಳು. ಮೊದಲು ಕಂಡದ್ದು ಗೆರೆಗಳು. ಪೆನ್ಸಿಲಿನಿಂದ ಸ್ಕೇಲು ಹಿಡಿದು ಎಳೆದ ಜೋಡಿಗೆರೆಗಳು, ಅವುಗಳ ನಡುವೆ ಒಂದೂ ಅಂಚು ಮೀರದ ಗುಂಡನೆಯ ಅಕ್ಷರಗಳು. ಎಷ್ಟು ಚೆಂದ, ಯಾರ ಮಗುವಪ್ಪಾ ಇದು ಎಂದುಕೊಂಡಳು. ಮಗು ಇರಲಾರದು ಎಂದು ಮರುಕ್ಷಣವೇ ಹೊಳೆಯಿತು. ಊರಿನ ಶಾಲೆಯಲ್ಲಿ ಹೀಗೆ ಬರೆಯುವುದನ್ನು ಕಲಿಸುವುದು ಬಿಟ್ಟು ಹದಿನೈದು ವರ್ಷವಾಗಿತ್ತು. ಈಗ ಗೆರೆ ಎಳೆದುಕೊಂಡು ಬರೆಯುವವರು ಚರ್ಚಿನ ನೆಲಮಾಳಿಗೆಯಲ್ಲಿ ಮಂಗಳವಾರ ಸಂಜೆ ಆಕೆ ಇಂಗ್ಲಿಷ್ ಹೇಳಿಕೊಡುವ ಡೇರಿ ಕೆಲಸದವರು ಮಾತ್ರ. ಅವರಲ್ಲೂ ಗೆರೆಗಳನ್ನು ಅಳಿಸದೆ ಬಿಡುವವಳು ಒಬ್ಬಳೇ. ಕರುಗಳನ್ನು ನೋಡಿಕೊಳ್ಳುವ ಡೊಮಿಂಗಾ. ಬುಧವಾರ ಹಿಡಿದುಕೊಂಡು ಹೋದ ಆರು ಜನರಲ್ಲಿ ಅವಳ ಗಂಡ ಬರ್ನಾಬೆಯೂ ಒಬ್ಬ.

"ಟೀಚರ್, ಬೈಗುಳ ಏನಾದ್ರೂ ಇದೆಯಾ? ಇದ್ರೂ ಓದಿ, ಅಭ್ಯಾಸ ಇದೆ," ಎಂದ ವರ್ಲಿನ್. ಜನ ನಕ್ಕರು.

ಆರ್ಡಿಸ್ ಓದಿದಳು. "ನಾವು ಹಳೆಯ ಬೆಣ್ಣೆ ಕಾರ್ಖಾನೆಯಲ್ಲಿ ವಾಸ ಇದ್ದೇವೆ. ಮುಂದಿನ ಬಾಗಿಲಿಗೆ ಹಲಗೆ ಹೊಡೆದಿದೆ. ಆ ಕಟ್ಟಡಕ್ಕೆ ನಂಬರು ಇಲ್ಲ. ಒಳಗೆ ಜನ ಇದ್ದಾರೆಂದು ಊರಿನವರಿಗೇ ಗೊತ್ತಿಲ್ಲ. ಅಧಿಕಾರಿಗಳು ನೇರ ಹಿಂದಿನ ಬಾಗಿಲಿಗೆ ಬಂದು ಎರಡು ಸಲ ತಟ್ಟಿದರು. ಎರಡು ಸಲ ತಟ್ಟಿದ್ದರಿಂದ ನಮ್ಮವರೇ ಎಂದು ನನ್ನ ಗಂಡ ಬಾಗಿಲು ತೆಗೆದ. ಅವರಿಗೆ ಯಾರು ಹೇಳಿದರು?"

ಕಾಫಿಯ ಪಾತ್ರೆಯ ಹತ್ತಿರ ಯಾರೋ ಚಮಚ ಕೆಳಗಿಟ್ಟ ಸದ್ದು ಕೇಳಿತು. ಡ್ವೇನ್ ತಲೆ ತಗ್ಗಿಸಿ ತನ್ನ ಗೆಣ್ಣುಗಳನ್ನು ನೋಡಿಕೊಳ್ಳುತ್ತಿದ್ದ. ಆರ್ಡಿಸ್‌ಗೆ ತನ್ನ ದನಿ ಮೈಕಿನಲ್ಲಿ ಬೇರೆ ಯಾರದೋ ದನಿಯಂತೆ ಕೇಳಿತ್ತು. ಹಿಂದಿನ ಬಾಗಿಲು, ಎರಡು ಸಲ ತಟ್ಟಬೇಕು. ಇದೇ ಮಾತುಗಳನ್ನು ಆಕೆ ತನ್ನ ಕೈಯಾರೆ, ನೀಲಿ ರಟ್ಟಿನ ಹಾಜರಿ ಪುಸ್ತಕದ ಕೊನೆಯ ಕಾಲಮಿನಲ್ಲಿ, ಬರ್ನಾಬೆಯ ಹೆಸರಿನ ಎದುರು ಬರೆದಿದ್ದಳು.

ಹಾಜರಿ ತೆಗೆದುಕೊಳ್ಳಿ ಎಂದು ಯಾರೂ ಆಕೆಗೆ ಹೇಳಿರಲಿಲ್ಲ. ಆದರೆ ಹಾಜರಿ ಕೂಗದೆ ಪಾಠ ಶುರುಮಾಡುವುದು ಆಕೆಗೆ ಬಾರದು, ಅದು ಹಲ್ಲುಜ್ಜದೆ ಕಾಫಿ ಕುಡಿದ ಹಾಗೆ. ಮೂವತ್ತೊಂದು ಹೆಸರು. ಕ್ರಿಸ್‌ಮಸ್‌ಗೆ ಮನೆಮನೆಗೆ ಕೇಕಿನ ಬುಟ್ಟಿ ಮುಟ್ಟಿಸಬೇಕೆಂದು, ಹಿಮ ಬಿದ್ದು ಪಾಠ ನಿಂತರೆ ಹೇಳಿಕಳಿಸಬೇಕೆಂದು ಎಲ್ಲರ ವಿಳಾಸವನ್ನೂ ಕೇಳಿ ಬರೆದುಕೊಂಡಿದ್ದಳು. ಅಕ್ಟೋಬರಿನಲ್ಲಿ ವರ್ಲಿನ್ ಒಂದು ಸಂಜೆ ಪಾಠಕ್ಕೆ ಬಂದ. ಬಿಸ್ಕತ್ತು ತಿಂದ. ಬರ್ನಾಬೆಯ ಕೈ ಕುಲುಕಿ, ನಮ್ಮಣ್ಣನ ಹಸುಗಳು ನನಗಿಂತ ನಿನ್ನ ಮಾತೇ ಜಾಸ್ತಿ ಕೇಳ್ತಾವಂತೆ ಎಂದು ನಗಿಸಿದ. ಇವರಿಗೆ ಪುಸ್ತಕ ಕೊಳ್ಳಲು ಸರ್ಕಾರದಿಂದ ಏನಾದರೂ ಸಿಗುತ್ತದೋ ನೋಡುತ್ತೇನೆ, ಎಷ್ಟು ಜನ ಬರುತ್ತಾರೆ ಹೇಳಿ, ಸಂಖ್ಯೆ ಸಾಕು ಎಂದ. ಬರಿಯ ಸಂಖ್ಯೆ ಕೊಟ್ಟರೆ ತನ್ನ ಮಕ್ಕಳ ಶ್ರದ್ಧೆ ಅವರಿಗೆ ಹೇಗೆ ಗೊತ್ತಾಗಬೇಕು? ಆಕೆ ಇಡೀ ಪುಸ್ತಕವನ್ನೇ ಅವನ ಕೈಗಿಟ್ಟಳು. ಅದೂ ಹಾಗೇ ಕೊಡಲಿಲ್ಲ. ಒಂದು ವಾರ ಕೂತು, ಚಿತ್ತುಗಳಿಲ್ಲದಂತೆ ಶುರುವಿನಿಂದ ಹೊಸದಾಗಿ ನಕಲು ಮಾಡಿ ಕೊಟ್ಟಳು. ಚಿತ್ತಿನ ಹಳೆಯ ಪುಸ್ತಕವನ್ನು ಒಲೆಗೆ ಹಾಕಿದ್ದಳು, ಆಮೇಲಿನ ಹಾಜರಿಯನ್ನು ಬಿಡಿಹಾಳೆಗಳಲ್ಲಿ ಬರೆಯುತ್ತಿದ್ದಳು.

"ಇದನ್ನ ಬರೆದವರ ಸಂಕಟ ನನಗೆ ಅರ್ಥ ಆಗುತ್ತೆ," ಎಂದು ವರ್ಲಿನ್ ಶುರುಮಾಡಿದ. ಅವನ ದನಿ ಮೆತ್ತಗಾಗಿತ್ತು, ಅದು ನಟನೆಯೇನಲ್ಲ. ಅಧಿಕಾರಿಗಳಿಗೆ ವಿಷಯ ಎಲ್ಲಿಂದ ಹೋಯಿತೋ ತನಗೆ ತಿಳಿಯದು, ಅವರ ಕೆಲಸದಲ್ಲಿ ತಾನು ಕೈಹಾಕುವುದಿಲ್ಲ ಎಂದ. ಪ್ರತಿ ಜಿಲ್ಲೆಯ ಪೊಲೀಸ್ ಮುಖ್ಯಸ್ಥರಾದ ಷರೀಫರೂ ಅವರಿಗೆ ನೆರವಾಗಲೇಬೇಕು ಎಂಬ ತನ್ನ ಮಸೂದೆ ಯಾರ ಮೇಲಿನ ದ್ವೇಷದಿಂದಲೂ ಹುಟ್ಟಿದ್ದಲ್ಲ ಎಂದ. ಕಾಗದಪತ್ರ ಮಾಡಿಸಿಕೊಂಡು ಹನ್ನೆರಡು ವರ್ಷ ಕಾದು ಬಂದವರಿಗೆ ನಾವು ಏನು ಉತ್ತರ ಹೇಳೋಣ ಎಂದು ಕೇಳಿದ. ಆಮೇಲೆ, ಆರ್ಡಿಸ್ ಹೆದರಿದ್ದೇ ಆಯಿತು, ಅವನು ಆಕೆಯ ಕಡೆ ತಿರುಗಿದ.

"ಮೂರನೇ ಕ್ಲಾಸಲ್ಲಿ ನಾನೊಂದು ದಿನ ನೀರಿನ ನಲ್ಲಿ ಹತ್ರ ಸಾಲು ತಪ್ಪಿಸಿ ಮುಂದೆ ನುಗ್ಗಿದೆ. ನಮ್ಮ ಟೀಚರ್ ಕಿವಿ ಹಿಡಿದು ಕೊನೆಗೆ ಕಳಿಸಿದ್ರು. ಬಾಯಾರಿದೆ ಅಂತ ಅತ್ತೆ. ಬಾಯಾರಿಕೆ ಎಲ್ಲರಿಗೂ ಆಗುತ್ತೆ, ಸಾಲು ಸಾಲೇ ಅಂದ್ರು. ನಾನು ರಾಜಕೀಯ ಕಲಿತಿದ್ದು ಕಾಲೇಜಲ್ಲಲ್ಲ, ಆ ನಲ್ಲಿ ಹತ್ರ. ಆ ಟೀಚರ್ ಇಲ್ಲೇ ಕೂತಿದ್ದಾರೆ."

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನವರು ಎದ್ದೇ ನಿಂತರು. ಈ ಕಥೆಯನ್ನು ಅವನು ಹತ್ತು ವರ್ಷದಿಂದ ಊರೂರಲ್ಲಿ ಹೇಳುತ್ತಿದ್ದ. ಪತ್ರಿಕೆಯಲ್ಲಿ ಬಂದಾಗ ಆಕೆ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಈಗ ಎದ್ದು ನಿಂತು, ಹೇಳಿದ್ದು ನಾನು, ಆ ವಿಳಾಸ ಬರೆದುಕೊಟ್ಟದ್ದು ನಾನೇ ಎನ್ನಬೇಕಿತ್ತು. ಮೈಕು ಬಾಯಿಯ ಮುಂದೆಯೇ ಇತ್ತು. ನೂರಿಪ್ಪತ್ತು ಜನ ಆಕೆಯನ್ನು ಪ್ರೀತಿಯಿಂದ ನೋಡುತ್ತಿದ್ದರು. ಆ ಪ್ರೀತಿಯೇ ಆಕೆಯ ನಾಲಿಗೆಯನ್ನು ಕಟ್ಟಿಹಾಕಿತು. ಹನ್ನೆರಡನೆಯ ಚೀಟಿಯನ್ನು ತೆಗೆದು ಬಿಡಿಸಿದಳು. ಅದು ಹೆದ್ದಾರಿಯ ಸೇತುವೆಯ ಬಗ್ಗೆ. ಆಕೆ ಅದನ್ನು ಸ್ಪಷ್ಟವಾಗಿ, ಒಂದಕ್ಷರವೂ ನುಂಗದೆ ಓದಿದಳು.

ಸಭೆ ಮುಗಿದು ಜನ ಕುರ್ಚಿ ಮಡಿಸುತ್ತಿರುವಾಗ ವರ್ಲಿನ್ ಆಕೆಗೆ ಕೋಟು ತೊಡಿಸಲು ಬಂದ. ಯಾವತ್ತೂ ಬರುತ್ತಿದ್ದ.

"ವರ್ಲಿನ್, ನನ್ನ ಹಾಜರಿ ಪುಸ್ತಕ ಎಲ್ಲಿದೆ?"

ಅವನಿಗೆ ನೆನಪಾಗಲು ಒಂದು ಗಳಿಗೆ ಬೇಕಾಯಿತು. "ಓ, ಅದಾ. ಸಮಿತಿಗೆ ಕೊಟ್ಟೆ, ಟೀಚರ್. ಇಷ್ಟು ಚೊಕ್ಕವಾದ ಬರವಣಿಗೆ ನೋಡೇ ಇಲ್ಲ ಅಂದ್ರು ಎಲ್ಲರೂ."

"ಯಾವ ಸಮಿತಿಗೆ?"

ಪುಸ್ತಕಕ್ಕೆ ಹಣ ಕೊಡುವ ಸಮಿತಿ ಆ ವಿಷಯವನ್ನು ಕೈಗೆತ್ತಿಕೊಳ್ಳಲೇ ಇಲ್ಲ ಎಂದು ಅವನು ವಿವರಿಸಿದ. ಜನವರಿಯಲ್ಲಿ ಷರೀಫರ ಮಸೂದೆ ಚರ್ಚೆಗೆ ಬಂದಾಗ, ನಿಮ್ಮಂಥ ಒಂದು ಸಣ್ಣ ಊರಿನಲ್ಲಿ ಇಂಥವರು ಎಷ್ಟಿರಬಹುದು ಎಂದು ಯಾರೋ ಕೇಳಿದರು. ಅವನ ಹತ್ತಿರ ಇದ್ದ ಪುರಾವೆ ಅದೊಂದೇ. ಅವನು ಹೆಸರು ಓದಲಿಲ್ಲ, ಮೂವತ್ತೊಂದು ಎಂದಷ್ಟೇ ಹೇಳಿದ. ಕೇಳಿದರೆಂದು ಪುಸ್ತಕವನ್ನು ಮುಂದಿಟ್ಟ. ಗುಮಾಸ್ತರು ಅದನ್ನು ದಾಖಲೆಗೆ ಸೇರಿಸಿದರು. ದಾಖಲೆಗೆ ಸೇರಿದ್ದೆಲ್ಲ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನೋಡುವಂಥದ್ದು.

"ಅದರಲ್ಲಿ ವಿಳಾಸ ಇತ್ತಲ್ಲೋ."

"ನಾನು ಕೇಳಿದ್ದು ಸಂಖ್ಯೆ ಮಾತ್ರ, ಟೀಚರ್. ವಿಳಾಸ ಬರೆದುಕೊಟ್ಟಿದ್ದು ನೀವು."

ಸಿಟ್ಟಿನಿಂದ ಹೇಳಲಿಲ್ಲ. ಮರೆತುಹೋದ ಕೈಗವಸನ್ನು ಹುಡುಕಿ ತಂದುಕೊಡುವವನ ಹಾಗೆ ಹೇಳಿದ. ಆರ್ಡಿಸ್‌ಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಮೂವತ್ತೆಂಟು ವರ್ಷದಲ್ಲಿ ಒಂದು ಮಗುವಿನ ಮೇಲೂ ಕೈ ಎತ್ತಿದವಳಲ್ಲ ಆಕೆ. ಕಿವಿ ಹಿಡಿದದ್ದೂ ಸುಳ್ಳು, ಅದು ಅವನು ಕಥೆಗೆ ಸೇರಿಸಿದ ಉಪ್ಪುಖಾರ. ಆದರೆ ಅವನು ಈಗ ಹೇಳಿದ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಆಕೆಗೆ ತಡೆಯದಾಯಿತು.

ಡ್ವೇನ್ ಬಾಗಿಲ ಬಳಿ ಟೊಪ್ಪಿಗೆ ಹಾಕಿಕೊಳ್ಳುತ್ತ ತಮ್ಮನನ್ನು ಕೂಗಿದ. "ಲೋ, ಹಸುಗಳಿಗೆ ಭಾನುವಾರಾನೂ ರಜೆ ಇಲ್ಲ ಅಂದ್ಯಲ್ಲ. ನಾಳೆ ಬೆಳಿಗ್ಗೆ ನಾಲ್ಕಕ್ಕೆ ಬಾ. ಒಂದು ಸಾಲು ನೀನು ಕರಿ, ಒಂದು ಸಾಲು ನಾನು ಕರೀತೀನಿ."

ವರ್ಲಿನ್ ನಕ್ಕು ಕೈಬೀಸಿದ. ನಾಳೆ ಪಕ್ಕದ ಜಿಲ್ಲೆಯಲ್ಲಿ ಪಕ್ಷದ ಉಪಾಹಾರವಿತ್ತು.

ಮಂಗಳವಾರ ಸಂಜೆ ಆರ್ಡಿಸ್ ಚರ್ಚಿನ ನೆಲಮಾಳಿಗೆಯಲ್ಲಿ ದೀಪ ಹಾಕಿ ಕುರ್ಚಿಗಳನ್ನು ಇಟ್ಟಳು. ಎಷ್ಟು ಇಡಬೇಕೆಂದು ತಿಳಿಯದೆ ಎಂಟು ಇಟ್ಟಳು. ಆರೂವರೆಯಾಯಿತು. ಒಬ್ಬರೂ ಬರಲಿಲ್ಲ. ಬರುವುದಿಲ್ಲವೆಂದು ಆಕೆಗೂ ಗೊತ್ತಿತ್ತು. ಉಳಿದವರು ಬುಧವಾರದ ಮಾರನೆಯ ದಿನವೇ ಊರು ಬಿಟ್ಟಿದ್ದರು. ಯಾರೂ ಬರದಿರಲಿ ಎಂದು ಒಳಗೊಳಗೆ ಬೇಡಿಕೊಳ್ಳುತ್ತಿದ್ದಳು. ಕಪ್ಪು ಹಲಗೆಯ ಮೇಲೆ ತಾರೀಖು ಬರೆದು, ಇನ್ನು ಹೊರಡೋಣ ಎಂದು ತಿರುಗುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು.

ಡೊಮಿಂಗಾ ಗಂಡನ ದೊಡ್ಡ ಕೋಟು ತೊಟ್ಟಿದ್ದಳು. ಅಧಿಕಾರಿಗಳು ಬಂದ ಹೊತ್ತಿನಲ್ಲಿ ಕರುಗಳಿಗೆ ಹಾಲು ಕುಡಿಸುತ್ತಿದ್ದುದರಿಂದ ಅವಳು ಉಳಿದುಕೊಂಡಿದ್ದಳು. ಈಗ ಬೇರೆ ಊರಿನಲ್ಲಿ ಯಾರದೋ ಮನೆಯ ಮೂಲೆಯಲ್ಲಿ ಮಲಗುತ್ತಾಳಂತೆ. ಅಲ್ಲಿಂದ ಯಾರ ಗಾಡಿಯಲ್ಲೋ ಮುದುರಿ ಕೂತು ಬಂದಿದ್ದಳು. ಅವಳು ಕುರ್ಚಿಯ ತುದಿಯಲ್ಲಿ ಕೂತು, ಸಭೆಯಲ್ಲಿ ತನ್ನ ಪ್ರಶ್ನೆಯನ್ನು ಟೀಚರ್ ಒಳ್ಳೆ ದನಿಯಲ್ಲಿ ಓದಿದರೆಂದು ಅಂಗಡಿಯವಳು ಹೇಳಿದಳು, ಉಪಕಾರವಾಯಿತು ಎಂದಳು. ಆಮೇಲೆ ಕೋಟಿನ ಒಳಗಿನಿಂದ ಒಂದು ದಪ್ಪ ಕಾಗದವನ್ನು ತೆಗೆದು ಮೇಜಿನ ಮೇಲೆ ಹರಡಿದಳು.

ಡಿಸೆಂಬರಿನಲ್ಲಿ ಆರ್ಡಿಸ್ ಬರ್ನಾಬೆಗೆ ಕೊಟ್ಟಿದ್ದ ಪ್ರಶಸ್ತಿಪತ್ರ ಅದು. ಇಪ್ಪತ್ತೆರಡು ಪಾಠ, ಒಂದು ದಿನವೂ ತಪ್ಪಿಸಿಲ್ಲ. ರಾತ್ರಿಯೆಲ್ಲ ಹಾಲು ಕರೆದು ಬಂದವನು ಪಾಠದ ನಡುವೆ ತೂಕಡಿಸಬಾರದೆಂದು ಹಿಂದೆ ಗೋಡೆಗೊರಗಿ ನಿಂತೇ ಬರೆದುಕೊಳ್ಳುತ್ತಿದ್ದ. ಹೆಸರಿನ ಕೆಳಗೆ ಆಕೆಯೇ ಅಂಟಿಸಿದ ಬಂಗಾರದ ಬಣ್ಣದ ನಕ್ಷತ್ರವಿತ್ತು. ನಾಲ್ಕೂ ಮೂಲೆಯಲ್ಲಿ ಟೇಪು ಹಾಗೇ ಇತ್ತು.

"ವಕೀಲರು ಒಬ್ಬರು ಸಿಕ್ಕಿದಾರೆ, ಟೀಚರ್. ಇವನು ಒಳ್ಳೆಯವನು ಅಂತ ಊರಿನವರು ಯಾರಾದರೂ ಬರೆದುಕೊಡಬೇಕಂತೆ. ನೀವು ಬರೆದುಕೊಡಿ. ಆ ನೀಲಿ ಪುಸ್ತಕಾನೂ ಕೊಡಿ. ಅದರಲ್ಲಿ ಎಲ್ಲಾ ಇದೆಯಲ್ಲ. ನೀವು ಎಲ್ಲಾ ಬರೆದಿಟ್ಟಿದ್ದೀರಿ."

ಆರ್ಡಿಸ್ ಅವಳ ಎದುರಿನ ಕುರ್ಚಿಯಲ್ಲಿ ಕೂತಳು. ಪುಸ್ತಕ ಕಳೆದುಹೋಯಿತು ಎನ್ನಬಹುದಿತ್ತು. ಆ ಮಾತು ಬಾಯಿಯ ತನಕ ಬಂದಿತ್ತು. ಹೇಳಿದರೆ ಈ ಹುಡುಗಿ ನಂಬುತ್ತಿದ್ದಳು, ಸಮಾಧಾನವನ್ನೂ ಹೇಳುತ್ತಿದ್ದಳು.

"ಪುಸ್ತಕ ನನ್ನ ಹತ್ರ ಇಲ್ಲ, ಡೊಮಿಂಗಾ. ಶಾಸಕರಿಗೆ ಕೊಟ್ಟುಬಿಟ್ಟೆ. ಅವನು ಕೇಳಿದ್ದು ಎಷ್ಟು ಜನ ಅಂತ ಮಾತ್ರ. ನಾನು ಪುಸ್ತಕಾನೇ ಕೊಟ್ಟೆ."

ಡೊಮಿಂಗಾಗೆ ಅರ್ಥವಾಗಲಿಲ್ಲ. ಆರ್ಡಿಸ್ ಇನ್ನೊಮ್ಮೆ, ನಿಧಾನವಾಗಿ, ಪಾಠ ಹೇಳುವಾಗಿನ ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಿದಳು. ಪುಸ್ತಕ ರಾಜಧಾನಿಗೆ ಹೋಯಿತು. ಅಲ್ಲಿ ಎಲ್ಲರೂ ನೋಡುವ ಜಾಗದಲ್ಲಿ ಇಟ್ಟರು. ಆ ಅಧಿಕಾರಿಗಳು ನೋಡಿರಬೇಕು. ಒಂದೊಂದು ವಾಕ್ಯಕ್ಕೂ ಡೊಮಿಂಗಾಳ ಮುಖ ಸ್ವಲ್ಪ ಸ್ವಲ್ಪವಾಗಿ ಮುಚ್ಚಿಕೊಂಡಿತು.

"ಹಿಂದಿನ ಬಾಗಿಲು?"

"ಅದೂ ಇತ್ತು."

"ಎರಡು ಸಲ?"

"ಅದನ್ನೂ ಬರೆದಿದ್ದೆ."

ಮೇಲೆ ಚರ್ಚಿನ ಹೀಟರು ಗುರ್ರೆಂದು ಶುರುವಾಗಿ ನಿಂತಿತು. ಡೊಮಿಂಗಾ ಅಳಲಿಲ್ಲ, ದನಿ ಎತ್ತಲಿಲ್ಲ. ಎತ್ತಿದ್ದರೆ ಆರ್ಡಿಸ್‌ಗೆ ಎಷ್ಟೋ ಹಗುರವಾಗುತ್ತಿತ್ತು.

"ನಿಮಗೆ ಹೇಳಿದ್ದು ನಾನೇ," ಎಂದಳು ಅವಳು. "ಬೇಡ ಅಂದಿದ್ದ ಅವನು. ಟೀಚರಿಗೆ ಹೇಳಿದ್ರೆ ಏನಾಗುತ್ತೆ ಅಂತ ಹೇಳಿದೆ. ಬೇರೆ ಯಾರಿಗೂ ಹೇಳಿರಲಿಲ್ಲ."

ಆರ್ಡಿಸ್ ಮೇಜಿನ ಮೇಲಿಂದ ಅವಳ ಕೈ ಹಿಡಿಯಲು ಹೋದಳು. ಆ ಕೈ ಅಲ್ಲಿರಲಿಲ್ಲ, ಕೋಟಿನ ಉದ್ದನೆಯ ತೋಳಿನೊಳಕ್ಕೆ ಹೋಗಿತ್ತು. ಕಾಗದ ಈಗಲೇ ಬರೆದುಕೊಡುತ್ತೇನೆ, ವಕೀಲರು ಕೇಳಿದ್ದನ್ನೆಲ್ಲ ಬರೆಯುತ್ತೇನೆ, ನ್ಯಾಯಾಲಯಕ್ಕೂ ಬರುತ್ತೇನೆ ಎಂದು ಆಕೆ ಒಂದೇ ಉಸಿರಿನಲ್ಲಿ ಹೇಳಿ ಚೀಲದಲ್ಲಿ ಪೆನ್ನಿಗಾಗಿ ತಡಕಾಡಿದಳು.

"ಬೇಡ. ನೀವು ಇನ್ನು ಏನೂ ಬರೀಬೇಡಿ, ಟೀಚರ್."

ಡೊಮಿಂಗಾ ಎದ್ದಳು. ಪಾಠ ಮುಗಿದ ಮೇಲೆ ಹೇಗೆ ಮಾಡಬೇಕೆಂದು ಕಲಿಸಿದ್ದರೋ ಹಾಗೆ ಕುರ್ಚಿಯನ್ನು ಸದ್ದಾಗದಂತೆ ಎತ್ತಿ ಸಾಲಿನಲ್ಲಿ ಸರಿಯಾಗಿ ಇಟ್ಟಳು. ಮೆಟ್ಟಿಲು ಹತ್ತಿ ಹೋದಳು. ಹೊರಗೆ ಗಾಡಿಯೊಂದು ದೀಪ ಹಾಕದೆ ಹೊರಟ ಸದ್ದು ಕೇಳಿತು.

ಪ್ರಶಸ್ತಿಪತ್ರ ಮೇಜಿನ ಮೇಲೆಯೇ ಉಳಿದಿತ್ತು. ಓಡಿಹೋಗಿ ಕೊಡೋಣವೆಂದು ಆರ್ಡಿಸ್ ಅದನ್ನು ಎತ್ತಲು ಹೋದಳು. ಒಂದು ಮೂಲೆಯ ಟೇಪು ಮೇಜಿಗೆ ಹಿಡಿದುಕೊಂಡಿತ್ತು. ಉಳಿದ ಮೂರು ಮೂಲೆಗಳ ಟೇಪಿಗೆ ಬೆಣ್ಣೆ ಕಾರ್ಖಾನೆಯ ಗೋಡೆಯ ಹಸಿರು ಬಣ್ಣ ಚಕ್ಕೆಚಕ್ಕೆಯಾಗಿ ಕಿತ್ತುಕೊಂಡು ಬಂದಿತ್ತು. ಎಳೆದರೆ ಕಾಗದ ಹರಿಯುವಂತಿತ್ತು. ಆಕೆ ಕನ್ನಡಕ ಹಾಕಿಕೊಂಡು, ಬಗ್ಗಿ, ಉಗುರಿನಿಂದ ಅಂಚನ್ನು ಸ್ವಲ್ಪ ಸ್ವಲ್ಪವೇ ಬಿಡಿಸತೊಡಗಿದಳು.